ಮೂರನೇ ಗುಂಡಿ

ವೂಚ್ ಅಂದರೆ ನಮ್ಮ ಮಾತಿನಲ್ಲಿ ದೋಣಿ.
ನೋಡಹೋದರೆ ಊರಲ್ಲಿ ನದಿಯೇ ಕಾಣುವುದಿಲ್ಲ.
ಇದ್ದವನ್ನೆಲ್ಲ ನೂಲಿನ ಗಿರಣಿಗಳ ಕಾಲದಲ್ಲೇ
ಇಟ್ಟಿಗೆ ಕಟ್ಟಿ ನೆಲದಡಿಗೆ ನೂಕಿದ್ದಾರೆ.
ಕಾಣದ್ದನ್ನು ನಂಬುವುದು ನಮಗೆ ಹಳೆಯ ರೂಢಿ;
ಆ ಧಾರಾವಾಹಿ ಬಂದ ಮೇಲೆ ಅದೇ ಕಸುಬಾಯಿತು.

ಗುರುವಾರ ರಾತ್ರಿ ಒಂಬತ್ತಕ್ಕೆ
ಮೆಟ್ಟಿಲ ಮೇಲಿನ ಸಪ್ಪಳ ನಿಲ್ಲುತ್ತದೆ.
ಪರದೆಯಲ್ಲಿ ನ್ಯಾಯಾಧೀಶ ಕರಿಯ ಕೋಟು ತೊಟ್ಟು
ಮಗಳನ್ನು ಹುಡುಕುತ್ತ ಮಂಜಿನೊಳಗೆ ಹೋಗುತ್ತಾನೆ.
ನಾಲ್ಕನೇ ಕಂತಿನಲ್ಲಿ ಕೋಟಿನ ಮೂರನೇ ಗುಂಡಿ ಇಲ್ಲ.
ಐದನೆಯದರಲ್ಲಿ ಇದೆ. ಆದರೆ ಬಿಳಿ ದಾರ.

ಅಷ್ಟೇ ಸಾಕಾಯಿತು.
ಗುಂಡಿ ಬಿದ್ದ ಜಾಗವೇ ಗುಂಡಿಯಾಗಿ
ಊರೆಲ್ಲ ಅದರೊಳಗೆ ಬಿತ್ತು.

ಮೇಲಿನ ಮನೆಯ ಜೆನೋನ್, ಮೂವತ್ತು ವರ್ಷ ಟ್ರಾಮು ಓಡಿಸಿದವರು,
ಹೇಳಿದರು: ಇಬ್ಬರಿದ್ದಾರೆ. ಅವಳಿ.
ಒಬ್ಬ ಸತ್ತಿದ್ದಾನೆ, ಯಾರೆಂದು ಅವನಿಗೇ ಗೊತ್ತಿಲ್ಲ.
ಔಷಧಿ ಅಂಗಡಿಯ ಇದಾಲಿಯ, ಕೆಮ್ಮಿನ ಶೀಶೆ ಕಟ್ಟಿಕೊಡುತ್ತ,
ದನಿ ತಗ್ಗಿಸಿ: ಇಡೀ ಕಥೆ ಹಿಂದುಮುಂದು.
ಐದು ಮೊದಲು, ನಾಲ್ಕು ಆಮೇಲೆ. ಮಗಳಿನ್ನೂ ಹುಟ್ಟಿಲ್ಲ.
ಗಣಿತದ ಮೇಷ್ಟ್ರು ವಾಲ್ದೆಮಾರ್
ಗುಂಡಿಯ ನಾಲ್ಕು ತೂತಿಗೆ ನೆಲದಡಿಯ ನಾಲ್ಕು ನದಿ ಹೊಂದಿಸಿ
ನಕ್ಷೆ ಬರೆದರು. ಗೆರೆಗಳು ಕೂಡುವಲ್ಲಿ ಹೋಗಿ ನಿಂತರೆ
ಕಾರು ತೊಳೆಯುವ ಶೆಡ್ಡು.
“ಅದೇ ನೋಡಿ,” ಅಂದರು, “ನೀರು.”

ಬ್ರೆಡ್ಡಿನ ಸಾಲಿನಲ್ಲಿ ನಿಂತು ನಾನು ಹೂಂಗುಟ್ಟುತ್ತೇನೆ.
ಗುಂಡಿಗೆ ಮಾತ್ರ ಒಳಗೆ ಡವಡವ.
ಆ ಕೋಟು ಹೊಲಿದವಳು ನಾನು.

ಫೆಬ್ರವರಿಯ ಸೋಮವಾರ. ಹನ್ನೆರಡು ಕಡುಬು ತಿಂದ ನಟ
ಕುರ್ಚಿಯಲ್ಲಿ ಕೂತ; ಟಪ್ಪಂತ ಗುಂಡಿ ಹಾರಿತು.
ಹೆಕ್ಕಿಕೊಂಡೆ. ಐದು ನಿಮಿಷದ ಕೆಲಸ.
ಸೂಜಿಯ ಕಣ್ಣು ಅವತ್ತು ನನ್ನ ಕಣ್ಣಿಗೆ ಸಿಗಲಿಲ್ಲ.
ದಾರದ ತುದಿ ಎಂಜಲು ಮಾಡಿ ಹೊಸೆದೆ,
ದೀಪದ ಕಡೆ ಹಿಡಿದೆ, ಎಡಗಣ್ಣು ಮುಚ್ಚಿದೆ.
ಕರಿ ದಾರ ಕತ್ತಲೊಳಗೆ ಕತ್ತಲಾಯಿತು.
ಅಷ್ಟರಲ್ಲಿ ಕರೆದರು. ಹಾಗೆಯೇ ಕಳಿಸಿದೆ.
ಮರುದಿನ ಬೇರೊಂದು ಹಚ್ಚಿದೆ, ಬಿಳಿ ದಾರದಲ್ಲಿ —
ಕಂಡದ್ದು ಅದೊಂದೇ. ಮೊದಲಿನದು
ಜೇಬಿನ ಹರಕಿನಲ್ಲಿ ಇಳಿದು ಅಸ್ತರಿಯೊಳಗೆ ಮಲಗಿತ್ತು.

ಇಷ್ಟೆಲ್ಲ ಊಹೆಗಳಲ್ಲಿ ಒಂದಾದರೂ
ಮುದುಕಿಯೊಬ್ಬಳ ಕಣ್ಣಿನ ಪೊರೆಯ ಹತ್ತಿರ ಸುಳಿಯಲಿಲ್ಲ.
ಸಮಾಧಾನವಾಯಿತು. ಚೂರು ಸಿಟ್ಟೂ.

ಎರಡನೇ ಸರಣಿಗೆ ನಿರ್ದೇಶಕಿ ಕರೆಸಿದಳು.
ಊರ ಮಾತು ಅವಳ ಕಿವಿಗೂ ಬಿದ್ದಿದೆ.
“ಮೂರನೇ ಗುಂಡಿ ಬೇಡ, ಏಳು ಕೋಟಿಗೂ.
ಕಿತ್ತ ಹಾಗಿರಲಿ. ಬಿಳಿ ದಾರ ಒಂದೆಳೆ ಇಳಿಬಿಡಿ.”
ತಪ್ಪನ್ನು ಅಳತೆಗೆ ಹೊಲಿಯುವುದು ಎಂಥ ಕಷ್ಟ!
ಕೆಳಮನೆಯ ಕಲೀನ, ಎಂಟು ವರ್ಷ, ಶಾಲೆ ಬಿಟ್ಟ ಮೇಲೆ ಬಂದು
ಸೂಜಿಗಳಿಗೆ ದಾರ ಪೋಣಿಸಿಟ್ಟು ಹೋಗುತ್ತಾಳೆ,
ಏಳಕ್ಕೆ ಒಂದು ಚಾಕೊಲೇಟು. ಯಾರಿಗೂ ಹೇಳುವುದಿಲ್ಲ.
ಈಗೀಗ ನನಗೂ ಅನುಮಾನ:
ಒಬ್ಬನೇ ಇರಲಿಕ್ಕಿಲ್ಲ ಆ ನ್ಯಾಯಾಧೀಶ.
ನಾನು ಹೊಲಿಯದ ಏನೋ ಒಂದು ಅವನ ಬೆನ್ನ ಮೇಲಿದೆ.

ನಿನ್ನೆ ಜೆನೋನ್ ಬಂದರು, ಹೊಸ ಸಾಕ್ಷಿ ಹೊತ್ತು.
ಗಡಿಯಾರದ ಮುಳ್ಳು, ಕನ್ನಡಿಯಲ್ಲಿ ಎಡಗೈ,
ಹೇಳುತ್ತಲೇ ಇದ್ದರು. ಅವರದೇ ಕೋಟಿನಲ್ಲಿ
ಹೊಟ್ಟೆಯ ಬಳಿ ಕಾಜ ಒಂಟಿ ನಿಂತಿತ್ತು,
ಹೆಂಡತಿ ಹೋದ ಚಳಿಗಾಲದಿಂದ ಇರಬೇಕು.
“ಬಿಚ್ಚಿಕೊಡಿ,” ಅಂದೆ.
ಬಿಸ್ಕತ್ತಿನ ಡಬ್ಬಿಯಿಂದ ಆ ಗುಂಡಿ ತೆಗೆದೆ.
ಕಲೀನ ಬಿಟ್ಟುಹೋದ ಸೂಜಿ. ಬಿಳಿ ದಾರ.
ಪೋಣಿಸಿಕೊಟ್ಟರೆ ಸಾಕು, ಮುಂದಿನದನ್ನು ಬೆರಳೇ ನೋಡುತ್ತದೆ.
ಹಲ್ಲಿನಲ್ಲಿ ಕಡಿದು ಗಂಟು ಒತ್ತಿದೆ.

ಅವರು ತೊಟ್ಟು, ಮೇಲಿಂದ ಕೆಳಗೆ ಗುಂಡಿ ಹಾಕಿ,
ಒಮ್ಮೆಯೂ ಬಗ್ಗಿ ನೋಡದೆ, ಬಾಗಿಲಲ್ಲಿ ತಿರುಗಿ ಹೇಳಿದರು:
“ಬೊಗುಮಿಲ, ಗುರುವಾರ ಎಲ್ಲ ಗೊತ್ತಾಗುತ್ತದೆ.”
ಮೆಟ್ಟಿಲ ದೀಪ ಕೆಟ್ಟಿತ್ತು.
ಮೇಲೆ ಹತ್ತುವ ಹೆಜ್ಜೆ ಕೇಳುತ್ತ ನಿಂತೆ,
ಒಬ್ಬರದೋ, ಇಬ್ಬರದೋ.